ಎರಡೂವರೆ ಎಕರೆ ಮತ್ತು ಹೊರಗೊಂದು ಕೆಲಸ: ಹಸುವೋ, ರೇಷ್ಮೆಯೋ, ರಾಗಿಯೋ, ತೋಟವೋ?

ಮಂಡ್ಯ, ರಾಮನಗರ, ತುಮಕೂರು ಕಡೆಯ ಸಣ್ಣ ಹಿಡುವಳಿಯ ಮನೆಗಳಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಎರಡು, ಎರಡೂವರೆ ಎಕರೆ ಜಮೀನಿದೆ. ಮನೆಯಲ್ಲಿ ಒಬ್ಬರು ಬಿಡದಿಯ ಕಾರ್ಖಾನೆಗೋ, ಗಾರ್ಮೆಂಟ್ಸಿಗೋ, ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೋ ಹೋಗಿಬರುತ್ತಾರೆ. ಆ ಸಂಬಳ ಬಿಟ್ಟರೆ ಮನೆ ನಡೆಯುವುದಿಲ್ಲ, ಜಮೀನು ಬೀಳುಬಿಡಲು ಮನಸ್ಸು ಒಪ್ಪುವುದಿಲ್ಲ. ಹಾಗಾದರೆ ಎರಡು ಹಸು ಕಟ್ಟುವುದೋ, ಹಿಪ್ಪುನೇರಳೆ ಹಾಕಿ ರೇಷ್ಮೆ ಮಾಡುವುದೋ, ರಾಗಿ ಬಿತ್ತಿಕೊಂಡು ಸುಮ್ಮನಿರುವುದೋ, ಗಿಡ ನೆಟ್ಟು ತೋಟ ಮಾಡುವುದೋ, ಇಲ್ಲವೇ ವಾರಕ್ಕೆ, ಎಂದರೆ ಬೆಳೆಯಲ್ಲಿ ಪಾಲು ಪಡೆಯುವ ಮಾತಿನ ಮೇಲೆ ಬೇರೆಯವರಿಗೆ, ಕೊಟ್ಟುಬಿಡುವುದೋ?

ಈ ಪ್ರಶ್ನೆ ಕೇಳುವವರಲ್ಲಿ ಅನೇಕರಿಗೆ ತಾವು ಅರ್ಧ ರೈತರು ಎಂಬ ಸಂಕೋಚವಿರುತ್ತದೆ. ಸಂಕೋಚಕ್ಕೆ ಕಾರಣವೇ ಇಲ್ಲ. 2018-19ನೇ ಸಾಲಿನ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಕೃಷಿ ಕುಟುಂಬವೊಂದರ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಕೂಲಿ ಮತ್ತು ಸಂಬಳದಿಂದ ಬಂದದ್ದು 4,063, ಬೆಳೆಯಿಂದ 3,798, ದನಕರು ಮತ್ತು ಕುರಿಕೋಳಿಗಳಿಂದ 1,582. ಅಂದರೆ ರೈತರೆಂದು ಲೆಕ್ಕಕ್ಕೆ ಸಿಕ್ಕ ಮನೆಗಳಿಗೇ ಹೊಲಕ್ಕಿಂತ ಹೊರಗಿನ ದುಡಿಮೆ ಹೆಚ್ಚು ತಂದುಕೊಡುತ್ತಿದೆ. ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 2015-16ರ ಕೃಷಿ ಗಣತಿಯ ಹೊತ್ತಿಗೆ 1.36 ಹೆಕ್ಟೇರಿಗೆ, ಎಂದರೆ ಮೂರು ಎಕರೆ ಹದಿನಾಲ್ಕು ಗುಂಟೆಗೆ ಇಳಿದಿತ್ತು. ಎರಡು ಕಾಲು ಎರಡು ಕಡೆ ಇಟ್ಟು ಬದುಕುವುದೇ ಇಂದಿನ ಸಣ್ಣ ರೈತರ ಸಾಮಾನ್ಯ ಸ್ಥಿತಿ. ತೊಂದರೆ ಏನೆಂದರೆ, ನಮಗೆ ಸಿಗುವ ಸಲಹೆಗಳೆಲ್ಲ ದಿನವಿಡೀ ಹೊಲದಲ್ಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು.

ಮೊದಲು ಅಳತೆಗೋಲು

ಪೂರ್ತಿ ಹೊತ್ತಿನ ರೈತರು ಎಕರೆಗೆ ಎಷ್ಟು ಉಳಿಯಿತು ಎಂದು ನೋಡುತ್ತಾರೆ. ಹೊರಗೆ ದುಡಿಯುವವರಿರುವ ಮನೆಯವರು ಅದರ ಜೊತೆಗೆ ಗಂಟೆಗೆ ಎಷ್ಟು ಉಳಿಯಿತು ಎಂದೂ ನೋಡಲೇಬೇಕು, ಏಕೆಂದರೆ ಅವರಲ್ಲಿ ಜಮೀನಿಗಿಂತ ಮೊದಲು ಮುಗಿದುಹೋಗುವುದು ಹೊತ್ತು. ಒಟ್ಟು ಎಷ್ಟು ಗಂಟೆ ಎಂಬುದು ತಿಳಿದರೂ ಸಾಲದು. ಆ ಕೆಲಸವನ್ನು ಮುಂದೂಡಬಹುದೇ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ರಾಗಿಯ ಕಳೆ ಭಾನುವಾರದ ತನಕ ಕಾಯುತ್ತದೆ. ಹಸುವಿನ ಕೆಚ್ಚಲು ಕಾಯುವುದಿಲ್ಲ.

ಆ ಗಂಟೆಗಳು ಯಾರವು ಎಂಬುದು ಎರಡನೆಯದು. ‘ಮನೆಯಲ್ಲಿ ನೋಡಿಕೊಳ್ಳುತ್ತಾರೆ’ ಎಂದು ಗಂಡಸರು ಹೇಳುವಾಗ ಆ ನೋಡಿಕೊಳ್ಳುವವರು ಹೆಂಡತಿಯೋ ಅರವತ್ತು ದಾಟಿದ ತಾಯಿಯೋ ಆಗಿರುತ್ತಾರೆ, ಮತ್ತು ಅವರ ದುಡಿಮೆಗೆ ಲೆಕ್ಕದ ಪುಸ್ತಕದಲ್ಲಿ ಸೊನ್ನೆ ಬಿದ್ದಿರುತ್ತದೆ. ಯಾವ ದಾರಿ ಹಿಡಿಯುವ ಮುನ್ನವೂ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಮಾಡುವವರ ಹೆಸರು ಬರೆಯಿರಿ; ಅವರನ್ನು ಕೂರಿಸಿಕೊಂಡೇ ಬರೆಯಿರಿ. ನನ್ನ ಅನುಭವದಲ್ಲಿ ಅರ್ಧದಷ್ಟು ಯೋಜನೆಗಳು ಆ ಹಾಳೆಯ ಮೇಲೆಯೇ ಬದಲಾಗುತ್ತವೆ.

ಉಳಿದವು ಎಲ್ಲರಿಗೂ ಗೊತ್ತಿರುವವೇ: ಬೇಸಿಗೆಯಲ್ಲೂ ಬೋರಿನಲ್ಲಿ ನೀರು ನಿಲ್ಲುತ್ತದೆಯೇ, ಮೊದಲ ದುಡ್ಡು ಕೈಗೆ ಬರಲು ಎಷ್ಟು ದಿನ ಬೇಕು, ಒಂದು ತಪ್ಪಿಗೆ ಅಥವಾ ಒಂದು ಕೆಟ್ಟ ವರ್ಷಕ್ಕೆ ಎಷ್ಟು ಕಳೆದುಕೊಳ್ಳಬೇಕಾಗುತ್ತದೆ, ಬೇಡವೆನಿಸಿದಾಗ ಬಿಟ್ಟು ಹೊರಬರುವುದು ಸುಲಭವೇ.

ರಾಗಿ: ಹೊತ್ತು ಕಡಿಮೆ, ಹಣವೂ ಕಡಿಮೆ

ಜುಲೈ ಆಗಸ್ಟಿನಲ್ಲಿ ಬಿತ್ತಿ ನವೆಂಬರ್ ಡಿಸೆಂಬರಿನಲ್ಲಿ ಕೊಯ್ಯುವ ಮಳೆಯಾಶ್ರಿತ ರಾಗಿ ಸಂಬಳದ ಕೆಲಸದ ಜೊತೆಗೆ ಹೊಂದುವಷ್ಟು ಬೇರೆ ಯಾವ ಬೆಳೆಯೂ ಹೊಂದುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಉಳುಮೆ, ಕೂರಿಗೆಯಲ್ಲಿ ಬಿತ್ತನೆ, ಎರಡು ಸಲ ಕುಂಟೆ, ಒಂದು ಕೈಗಳೆ, ಕೊನೆಗೆ ಯಂತ್ರದಲ್ಲಿ ಕೊಯ್ಲು ಎಂದಿಟ್ಟುಕೊಂಡರೆ ಎಕರೆಗೆ ಮನೆಯವರ ಸ್ವಂತ ದುಡಿಮೆ ಎಂಟು ಗಂಟೆಯ ಹದಿನೈದು ದಿನ ದಾಟುವುದಿಲ್ಲ, ಮತ್ತು ಅದರಲ್ಲಿ ಬಹುಪಾಲು ರಜೆಯ ದಿನಕ್ಕೆ ಎಳೆದುಕೊಳ್ಳಬಹುದಾದ ಕೆಲಸ. ಕಟಾವಾದ ರಾಗಿ ಕೆಡುವುದಿಲ್ಲ; ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಇರುತ್ತದೆ. ಆದ್ದರಿಂದ ಮಾರುವ ದಿನವನ್ನು ನಾವೇ ಆರಿಸಿಕೊಳ್ಳಬಹುದು. ಟೊಮೆಟೊ ಬೆಳೆದವರಿಗೆ ಈ ಅನುಕೂಲ ಇಲ್ಲ.

ನಮ್ಮ ಮನೆಯ ಲೆಕ್ಕ ಹೀಗಿದೆ. ಒಳ್ಳೆಯ ವರ್ಷ ಎಕರೆಗೆ ಹತ್ತು ಕ್ವಿಂಟಲ್, 2025-26ರ ಬೆಂಬಲ ಬೆಲೆ 4,886 ರೂಪಾಯಿಯಂತೆ 48,860. ಖರ್ಚು ಇಪ್ಪತ್ತು ಸಾವಿರ ಕಳೆದರೆ ಇಪ್ಪತ್ತೆಂಟು ಸಾವಿರದ ಮೇಲೆ, ಗಂಟೆಗೆ ಇನ್ನೂರ ನಲವತ್ತರ ಹತ್ತಿರ. ಬೆಂಬಲ ಬೆಲೆ ಸಿಗದೆ ಹೊರಗೆ ಮೂರೂವರೆ ಸಾವಿರಕ್ಕೆ ಮಾರಿದರೆ ಉಳಿಯುವುದು ಹದಿನೈದು ಸಾವಿರ, ಗಂಟೆಗೆ ನೂರಿಪ್ಪತ್ತೈದು. ಮಳೆ ಕೈಕೊಟ್ಟು ನಾಲ್ಕು ಕ್ವಿಂಟಲಿಗೆ ಇಳಿದ ವರ್ಷ ಏನೂ ಉಳಿಯುವುದಿಲ್ಲ. ಖರೀದಿ ಕೇಂದ್ರಕ್ಕೆ ಕೊಡಬೇಕೆನ್ನುವವರು ಫ್ರೂಟ್ಸ್ ಸಂಖ್ಯೆ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಮಾಡಿಸಿಕೊಂಡಿರಬೇಕು, ಬೆಳೆ ಸಮೀಕ್ಷೆಯಲ್ಲಿ ತಮ್ಮ ಸರ್ವೆ ನಂಬರಿಗೆ ರಾಗಿ ಎಂದೇ ದಾಖಲಾಗಿದೆಯೇ ಎಂದು ನೋಡಿಕೊಳ್ಳಬೇಕು. ಹೊರಗೆ ಕೆಲಸಕ್ಕೆ ಹೋಗುವವರು ತಪ್ಪುವುದು ಹೆಚ್ಚಾಗಿ ಇಲ್ಲೇ.

ಅಕ್ಕಡಿ ಸಾಲನ್ನು ಮಾತ್ರ ಬಿಡಬೇಡಿ. ಅವರೆ, ತೊಗರಿ, ಹುಚ್ಚೆಳ್ಳು ಒಂದೊಂದು ಸಾಲು ಹಾಕಿದರೆ ರಾಗಿ ಕೆಟ್ಟ ವರ್ಷವೂ ಮನೆಗೆ ಬೇಳೆಕಾಳು ಬರುತ್ತದೆ. ಆದರೆ ಅಕ್ಕಡಿ ಹಾಕಿದ ಹೊಲಕ್ಕೆ ಕೊಯ್ಲಿನ ಯಂತ್ರ ಇಳಿಸುವುದು ಕಷ್ಟ, ಕೈಯಲ್ಲಿ ಕೊಯ್ಯಿಸಿದರೆ ಕೂಲಿ ಏರುತ್ತದೆ; ಯಂತ್ರದಲ್ಲಿ ಕೊಯ್ಯಿಸಿದರೆ ಹುಲ್ಲು ಹಾಳಾಗುತ್ತದೆ. ಮನೆಯಲ್ಲಿ ದನವಿದ್ದರೆ ಕೈಕೊಯ್ಲು, ಇಲ್ಲದಿದ್ದರೆ ಯಂತ್ರ ಎಂಬುದು ನನ್ನ ನಿಲುವು. ಕಾಡಂಚಿನ ಊರುಗಳಲ್ಲಿ ತೆನೆ ಬಂದ ಮೇಲೆ ಹಂದಿ ಕಾಯುವ ರಾತ್ರಿಗಳನ್ನೂ ಗಂಟೆಯ ಲೆಕ್ಕಕ್ಕೆ ಸೇರಿಸಬೇಕು. ಆಗ ಈ ಬೆಳೆ ಅಗ್ಗದ್ದಾಗಿ ಉಳಿಯುವುದಿಲ್ಲ.

ಎರಡು ಹಸು: ವಾರ ವಾರ ದುಡ್ಡು, ದಿನ ದಿನ ಕಟ್ಟು

ಬೆಳಗ್ಗೆ ಐದಕ್ಕೆ ಎದ್ದು ಕೊಟ್ಟಿಗೆಯ ಸಗಣಿ ಬಾಚಿ, ಕೆಚ್ಚಲು ತೊಳೆದು, ಹಾಲು ಕರೆದು, ಸಂಘ ಬಾಗಿಲು ಹಾಕುವುದರೊಳಗೆ ಕ್ಯಾನು ತಲುಪಿಸಬೇಕು. ಸಂಜೆ ಅದೇ ಕೆಲಸ ಮತ್ತೊಮ್ಮೆ. ನಡುವೆ ಹಸುವೊಂದಕ್ಕೆ ಇಪ್ಪತ್ತೈದು ಮೂವತ್ತು ಕಿಲೋ ಹಸಿ ಮೇವು ಕೊಯ್ದು ತರಬೇಕು. ಎರಡು ಹಸುವಿಗೆ ದಿನಕ್ಕೆ ನಾಲ್ಕು ಗಂಟೆ ಎಂದರೂ ವರ್ಷಕ್ಕೆ 1,460 ಗಂಟೆ. ಮದುವೆ, ಹಬ್ಬ, ಜ್ವರ, ಮಗುವಿನ ಪರೀಕ್ಷೆ ಯಾವುದಕ್ಕೂ ಅದರಲ್ಲಿ ಬಿಡುವಿಲ್ಲ.

ಹಸುವೊಂದು ದಿನಕ್ಕೆ ಹತ್ತು ಲೀಟರಿನಂತೆ ಹತ್ತು ತಿಂಗಳು ಕರೆದರೆ ಎರಡೂ ಹಸು ಸೇರಿ ಆರು ಸಾವಿರ ಲೀಟರ್. ಸರ್ಕಾರ ಕೊಡುವ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಸೇರಿ 38 ರೂಪಾಯಿ ಸಿಕ್ಕಿತೆಂದರೆ 2,28,000. ಇದರಲ್ಲಿ ಅರ್ಧ ಹಿಂಡಿ ಬೂಸಕ್ಕೇ ಹೋಗುತ್ತದೆ. ಔಷಧಿ, ಇಂಜೆಕ್ಷನ್, ವಿಮೆ, ಒಣಮೇವು ಕಳೆದು ತೊಂಬತ್ತು ಸಾವಿರ ಉಳಿದರೆ ಚೆನ್ನಾಗಿ ಸಾಕಿದ್ದೀರಿ ಎಂದೇ ಅರ್ಥ. ಗಂಟೆಗೆ ಅರವತ್ತು ರೂಪಾಯಿ. ರಾಗಿಯ ಕಾಲು ಭಾಗ. ಆದರೆ ಆ ಹಣ ಅರ್ಧ ಎಕರೆ ಮೇವಿನ ಜಾಗದಿಂದ ಬಂದಿದೆ, ಮತ್ತು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಖಾತೆಗೆ ಬೀಳುತ್ತದೆ. ಸಂಘದ ಸಾಲ ತೀರಿಸುತ್ತಿರುವ, ಮಕ್ಕಳ ಫೀಸು ಕಟ್ಟಬೇಕಾದ ಮನೆಗೆ ಡಿಸೆಂಬರಿನ ಇಪ್ಪತ್ತೆಂಟು ಸಾವಿರಕ್ಕಿಂತ ಈ ತುಣುಕು ದುಡ್ಡೇ ಹೆಚ್ಚು ಆಸರೆ.

ಅರೆಹೊತ್ತಿನ ಮನೆಗಳು ಹಸುವಿನಲ್ಲಿ ನಷ್ಟ ಮಾಡಿಕೊಳ್ಳುವುದು ಹಾಲಿನ ದರದಿಂದಲ್ಲ, ಬೆದೆ ತಪ್ಪುವುದರಿಂದ. ಬೆದೆಯ ಲಕ್ಷಣ ಕೆಲವೇ ಗಂಟೆ ಇರುತ್ತದೆ. ಹಗಲು ಮನೆಯಲ್ಲಿ ನೋಡುವವರಿಲ್ಲದಿದ್ದರೆ ತಿಳಿಯುವುದೇ ಇಲ್ಲ. ಒಮ್ಮೆ ತಪ್ಪಿದರೆ ಇಪ್ಪತ್ತೊಂದು ದಿನ ಕಾಯಬೇಕು, ಮೂರು ಸಲ ತಪ್ಪಿದರೆ ಎರಡು ತಿಂಗಳು ಕರೆಯದ ಹಸುವಿಗೆ ಮೇವು ಹಾಕಿದಂತೆ. ಆದ್ದರಿಂದ ಹಗಲು ಕೊಟ್ಟಿಗೆಯ ಹತ್ತಿರ ಇರುವವರು, ದನದ ಗುಣ ತಿಳಿದವರು ಒಬ್ಬರಾದರೂ ಮನೆಯಲ್ಲಿದ್ದರೆ ಮಾತ್ರ ಹಸು ಕಟ್ಟಿ. ಗಂಡ ಹೆಂಡತಿ ಇಬ್ಬರೂ ಎಂಟು ಗಂಟೆಯ ವ್ಯಾನು ಹತ್ತುವ ಮನೆಗೆ ಹಸು ಬೇಡವೇ ಬೇಡ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಕೊಳ್ಳುವವರು ಎರಡನೇ ಸೂಲಿನ, ಕರು ಹಾಕಿ ಒಂದು ತಿಂಗಳಾಗದ ಹಸುವನ್ನು, ಸಂಜೆ ಬೆಳಗ್ಗೆ ಸಂಜೆ ಮೂರು ಹೊತ್ತು ಎದುರು ನಿಂತು ಕರೆಸಿ ನೋಡಿ ಕೊಳ್ಳಬೇಕು. ಒಂದೇ ಹೊತ್ತಿನ ಹಾಲು ನೋಡಿ ಕೊಂಡವರು ಮೋಸಹೋಗುತ್ತಾರೆ.

ರೇಷ್ಮೆ: ಇಪ್ಪತ್ತು ದಿನ ಉಸಿರು ಬಿಡಲಾಗದ ಕೆಲಸ, ಆಮೇಲೆ ಬಿಡುವು

ರಾಮನಗರ, ಕನಕಪುರ, ಶಿಡ್ಲಘಟ್ಟ, ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಗಳಿಗೆ ಹತ್ತಿರವಿರುವ, ನೀರಿರುವ ಮನೆಗಳು ಇದನ್ನು ಗಂಭೀರವಾಗಿ ಯೋಚಿಸಬೇಕು, ಏಕೆಂದರೆ ಇದರ ದುಡಿಮೆಯ ರೀತಿಯೇ ಬೇರೆ. ಮರಿ ಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ (ಹುಳು ಪೊರೆ ಬಿಡುವ ಹಂತ) ದಾಟಿದ ಹುಳು ತಂದರೆ ಹಣ್ಣಾಗಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುವ ತನಕ ಹದಿನಾರರಿಂದ ಹದಿನೆಂಟು ದಿನ. ಗೂಡು ಬಿಡಿಸಿ ಮಾರಿದ ಮೇಲೆ ಸೊಪ್ಪು ಮತ್ತೆ ಬೆಳೆದು ನಿಲ್ಲುವ ತನಕ ತೋಟಕ್ಕೆ ನೀರು ಗೊಬ್ಬರ ಬಿಟ್ಟರೆ ಬೇರೆ ಅವಸರವಿಲ್ಲ. ಒಂದು ಎಕರೆ ಸೊಪ್ಪಿನಲ್ಲಿ 150 ಮೊಟ್ಟೆ (ಇಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಗುಂಪು) ಮೇಯಿಸಿ 100 ಕಿಲೋ ಗೂಡು ತೆಗೆದು, ಕಿಲೋಗೆ 500 ಸಿಕ್ಕರೆ 50,000. ಖರ್ಚು ಕಳೆದು ಮೂವತ್ತು ಸಾವಿರ, ವರ್ಷಕ್ಕೆ ನಾಲ್ಕು ಬೆಳೆಯಾದರೆ ಒಂದು ಲಕ್ಷ ಇಪ್ಪತ್ತು ಸಾವಿರ. ತೋಟದ ಕೆಲಸವೂ ಸೇರಿ ಬೆಳೆಗೆ 250 ಗಂಟೆ ಹಿಡಿದರೆ ಗಂಟೆಗೆ ನೂರಿಪ್ಪತ್ತು. ಎಕರೆಯ ಲೆಕ್ಕದಲ್ಲೂ ಗಂಟೆಯ ಲೆಕ್ಕದಲ್ಲೂ ಸಮಾಧಾನಕರವಾದದ್ದು ನನಗೆ ಕಂಡಂತೆ ಇದೊಂದೇ. ಹುಳುಮನೆ ಕಟ್ಟುವ ಬಂಡವಾಳ ಈ ಲೆಕ್ಕದಲ್ಲಿ ಸೇರಿಲ್ಲ. ಅದಕ್ಕಿರುವ ಸಹಾಯಧನವನ್ನು ತಾಲ್ಲೂಕಿನ ರೇಷ್ಮೆ ಇಲಾಖೆಯಲ್ಲಿ ವಿಚಾರಿಸಿ, ಮಂಜೂರಾತಿ ಕೈಗೆ ಬಂದ ಮೇಲೆಯೇ ತಳಪಾಯ ತೆಗೆಯಿರಿ.

ಆದರೆ ಕೊನೆಯ ವಾರವನ್ನು ತಿಳಿಯದೆ ಯಾರೂ ಇಳಿಯಬಾರದು. ನಾಲ್ಕನೇ ಜ್ವರ ಎದ್ದ ಮೇಲಿನ ಏಳು ದಿನಗಳಲ್ಲಿ ಹುಳು ತನ್ನ ಜೀವಮಾನದ ಶೇಕಡಾ 80ಕ್ಕಿಂತ ಹೆಚ್ಚು ಸೊಪ್ಪು ತಿನ್ನುತ್ತದೆ. ಆ ವಾರ ಎರಡು ಜೋಡಿ ಕೈ ಬೇಕು, ಮತ್ತು ಸೊಪ್ಪು ತಂಪು ಹೊತ್ತಿನಲ್ಲಿ ಕೊಯ್ದದ್ದಾಗಿರಬೇಕು. ನಮ್ಮಲ್ಲಿ ಒಂದು ಬೆಳೆ ಹೋದದ್ದು ಇಲ್ಲೇ. ಐದನೇ ಹಂತಕ್ಕೆ ಬಂದ ದಿನವೇ ತಮ್ಮನಿಗೆ ರಜೆ ಸಿಗಲಿಲ್ಲ, ಓವರ್‌ಟೈಮ್ ಹಾಕಿದರು. ಅತ್ತಿಗೆ ಒಬ್ಬರೇ ಬೆಳಗ್ಗೆಯೇ ಇಡೀ ದಿನದ ಸೊಪ್ಪು ಕೊಯ್ದು ಮೂಲೆಯಲ್ಲಿ ರಾಶಿ ಹಾಕಿ ಗೋಣಿ ಮುಚ್ಚಿದರು. ಸಂಜೆ ನಾನು ಹೋಗಿ ಕೈ ಹಾಕಿದಾಗ ರಾಶಿಯ ಒಳಗೆ ಬಿಸಿ ಏರಿತ್ತು, ಎಲೆ ಕಪ್ಪಗಾಗಿ ಹುಳಿ ವಾಸನೆ ಬರುತ್ತಿತ್ತು. ಬೇರೆ ಸೊಪ್ಪಿಲ್ಲದೆ ಅದನ್ನೇ ಹಾಕಿದೆವು. ಮೂರನೇ ದಿನಕ್ಕೆ ಹುಳು ಮೇವು ಬಿಟ್ಟು ಮೆತ್ತಗಾದವು, ಸಪ್ಪೆ ರೋಗ. ನೂರು ಕಿಲೋ ಬರಬೇಕಾದಲ್ಲಿ ಹದಿನೆಂಟು ಕಿಲೋ ಗೂಡು ಬಂತು. ತಪ್ಪು ಅತ್ತಿಗೆಯದಲ್ಲ, ಎರಡು ಜೋಡಿ ಕೈ ಬೇಕಾದ ವಾರವನ್ನು ಖಚಿತ ರಜೆಯಿಲ್ಲದೆ ಶುರುಮಾಡಿದ್ದು ನಮ್ಮೆಲ್ಲರ ತಪ್ಪು.

ಹಾಗಾಗಿ ರೇಷ್ಮೆಗೆ ನನ್ನ ನಿಬಂಧನೆ ಒಂದೇ: ವರ್ಷದಲ್ಲಿ ನಾಲ್ಕು ಸಲ ಏಳೇಳು ದಿನ ರಜೆ ಖಚಿತವಾಗಿ ಸಿಗುವ ಕೆಲಸವೋ, ಅಷ್ಟು ದಿನಕ್ಕೆ ಮುಯ್ಯಾಳಾಗಿ ಬರುವ ನೆರೆಮನೆಯೋ ಇರಬೇಕು. ಸುತ್ತಲಿನ ಹೊಲಗಳಲ್ಲಿ ಟೊಮೆಟೊ, ಬೀನ್ಸ್ ಇದ್ದು ಔಷಧಿ ಹೊಡೆಯುತ್ತಿದ್ದರೆ ಅದು ಗಾಳಿಯಲ್ಲಿ ಸೊಪ್ಪಿನ ಮೇಲೆ ಕೂತು ಹುಳುವನ್ನು ಕೊಲ್ಲುತ್ತದೆ ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ತೋಟ, ಕುರಿ, ತರಕಾರಿ

ಊರಿನಿಂದ ದೂರ ನೆಲೆಸಿ ತಿಂಗಳಿಗೆ ಎರಡು ಸಲ ಬರುವವರಿಗೆ ಮರವೇ ಸರಿ. ಆದರೆ ಯಾವ ಮರ ಎಂಬುದರಲ್ಲಿ ಎಚ್ಚರ ಬೇಕು. ಅಡಿಕೆಯ ದರ ನೋಡಿ ಬಯಲುಸೀಮೆಯಲ್ಲೂ ನೆಡುತ್ತಿದ್ದಾರೆ. ಫಸಲಿಗೆ ಆರೇಳು ವರ್ಷ ಬೇಕು, ಅಷ್ಟೂ ಬೇಸಿಗೆ ನೀರು ನಿಲ್ಲಬಾರದು, ಐದನೇ ವರ್ಷ ಬೋರು ಬತ್ತಿದರೆ ಐದು ವರ್ಷದ ಬಂಡವಾಳ ಒಂದೇ ಬೇಸಿಗೆಯಲ್ಲಿ ಒಣಗುತ್ತದೆ. ತೆಂಗು ಇನ್ನಷ್ಟು ತಡೆದುಕೊಳ್ಳುತ್ತದೆ, ಆದರೆ ಕಾಯಿ ಕೀಳುವವರು ಸಿಗುವುದು ಕಷ್ಟವಾಗಿದೆ. ನೀರಿಲ್ಲದ ಕೆಂಪು ಮಣ್ಣಿಗೆ ಮಾವು, ಹುಣಸೆ ಮೇಲು. ಮಾವು ಒಂದು ವರ್ಷ ಹಿಡಿದರೆ ಮರುವರ್ಷ ಕೈಕೊಡುತ್ತದೆ. ದೂರವಿರುವವರು ಹೂವಿನ ಮೇಲೋ ಪೀಚಿನ ಮೇಲೋ ವ್ಯಾಪಾರಿಗೆ ಕೊಟ್ಟುಬಿಡುವುದರಿಂದ ದರದ ಏರಿಕೆ ಅವನಿಗೆ ಹೋಗುತ್ತದೆ, ಆದರೆ ಕಾಯುವ ಕೆಲಸವೂ ಅವನಿಗೇ ಹೋಗುತ್ತದೆ. ಗಿಡ ದೊಡ್ಡದಾಗುವ ತನಕ ಸಾಲುಗಳ ನಡುವೆ ರಾಗಿ, ಹುರುಳಿ ಬೆಳೆದುಕೊಳ್ಳಬಹುದು.

ವಯಸ್ಸಾದವರು ಮನೆಯಲ್ಲಿದ್ದು ಹಸುವಿನ ಭಾರ ಹೊರಲಾರರು ಎಂದರೆ ನಾಲ್ಕೈದು ಕುರಿ ಸಾಕು. ಕರೆಯುವ ಹೊತ್ತಿನ ಕಟ್ಟಿಲ್ಲ, ಅವಸರಕ್ಕೆ ಒಂದನ್ನು ಮಾರಬಹುದು, ಪಿಪಿಆರ್ (ಕುರಿ ಮೇಕೆಗಳ ಸಾಂಕ್ರಾಮಿಕ ರೋಗ) ಮತ್ತು ಕರುಳುಬೇನೆಯ ಲಸಿಕೆ ಮಾತ್ರ ತಪ್ಪಿಸಬಾರದು. ತರಕಾರಿ, ಹೂವು ಅರೆಹೊತ್ತಿನವರಿಗಲ್ಲ. ಕೀಳುವ ದಿನ ತಪ್ಪಿದರೆ ಮಾಲು ಹೋಯಿತು, ಮಾರುಕಟ್ಟೆಯ ಹೊತ್ತು ಮತ್ತು ಕಾರ್ಖಾನೆಯ ಹೊತ್ತು ಒಂದಕ್ಕೊಂದು ಅಡ್ಡ ಬರುತ್ತವೆ.

ವಾರಕ್ಕೆ ಕೊಡುವುದು

ಯಾರೂ ಊರಲ್ಲಿಲ್ಲದವರು ಇದನ್ನೇ ಮಾಡುತ್ತಿದ್ದಾರೆ, ಮತ್ತು ಎಲ್ಲವೂ ಬಾಯಿಮಾತಿನಲ್ಲಿ. ಕಾರಣವಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನೇ ರದ್ದುಮಾಡಿತು. ಸೈನಿಕರಂಥ ಕೆಲವರನ್ನು ಬಿಟ್ಟರೆ ಕೃಷಿ ಭೂಮಿಯನ್ನು ಗೇಣಿಗೆ ಕೊಡಲು ಅವಕಾಶವಿಲ್ಲ. 2020ರ ತಿದ್ದುಪಡಿ ಸಡಿಲಿಸಿದ್ದು ಕೃಷಿ ಭೂಮಿಯನ್ನು ಕೊಳ್ಳುವ ನಿಯಮವನ್ನು. ಹೀಗಾಗಿ ಕೊಟ್ಟವರಿಗೆ ಪಹಣಿಯ ಸಾಗುವಳಿದಾರರ ಕಾಲಂನಲ್ಲಿ ಪಡೆದವರ ಹೆಸರು ಬಿದ್ದೀತೆಂಬ ಭಯ, ಪಡೆದವರಿಗೆ ಮುಂದಿನ ವರ್ಷ ಬಿಡಿಸಿಯಾರೆಂಬ ಭಯ. ಒಂದು ವರ್ಷದ ಹಂಗಿನಲ್ಲಿರುವವರು ಆ ನೆಲಕ್ಕೆ ಕೊಟ್ಟಿಗೆ ಗೊಬ್ಬರ ಹಾಕುವುದಿಲ್ಲ. ಬರುವ ಹಣವೂ ಅಷ್ಟಕ್ಕಷ್ಟೆ. ಅಣ್ಣತಮ್ಮಂದಿರು, ನಂಬಿಕೆಯ ನೆರೆಯವರು ಇದ್ದರೆ ಮಾತ್ರ, ಅದೂ ಬದು, ಮರ ಕಾಪಾಡುವ ಮಾತಾದ ಮೇಲೆ ಕೊಡಿ.

ಯಾವ ಮನೆಗೆ ಯಾವುದು

ಒಬ್ಬರು ಶಿಫ್ಟಿನಲ್ಲಿದ್ದು ಇನ್ನೊಬ್ಬರು ಮನೆಯಲ್ಲಿರುವ, ಬೋರಿನಲ್ಲಿ ಎರಡಿಂಚು ನೀರಿರುವ ಎರಡೂವರೆ ಎಕರೆಯ ಮನೆಯಾದರೆ ನಾನು ಒಂದು ಎಕರೆ ಹಿಪ್ಪುನೇರಳೆ, ಒಂದು ಎಕರೆ ಅಕ್ಕಡಿಯೊಂದಿಗೆ ರಾಗಿ, ಉಳಿದರ್ಧ ಎಕರೆಯಲ್ಲಿ ಮೇವು ಮತ್ತು ಒಂದೇ ಒಂದು ಹಸು ಎನ್ನುತ್ತೇನೆ. ರಾಗಿ ಹುಲ್ಲು ಹಸುವಿಗೆ, ಹಸುವಿನ ಗೊಬ್ಬರ ತೋಟಕ್ಕೆ, ಹುಳು ತಿಂದುಳಿದ ಸೊಪ್ಪು ಮತ್ತೆ ಹಸುವಿಗೆ ಹೋಗುತ್ತದೆ. ಖಚಿತ ರಜೆಯಿಲ್ಲದಿದ್ದರೆ ರೇಷ್ಮೆಯ ಬದಲು ಎರಡನೇ ಹಸು. ಇಬ್ಬರೂ ಹೊರಗೆ ದುಡಿಯುವವರು ರಾಗಿ, ಅಂಚಿನಲ್ಲಿ ಹುಣಸೆ ಮಾವು, ಹಿರಿಯರಿದ್ದರೆ ನಾಲ್ಕು ಕುರಿ ಇಷ್ಟಕ್ಕೆ ನಿಲ್ಲಲಿ. ಕೈಯಲ್ಲಿ ಐವತ್ತು ಸಾವಿರವೂ ಇಲ್ಲದವರು ಸಾಲ ಮಾಡಿ ಹುಳುಮನೆ ಕಟ್ಟಬಾರದು. ಒಂದು ಹಸುವಿನಿಂದ ಶುರುಮಾಡಲಿ, ಏಕೆಂದರೆ ಆಗದಿದ್ದರೆ ಅದನ್ನು ಒಂದೇ ವಾರದಲ್ಲಿ ಮಾರಬಹುದು. ಹಿಪ್ಪುನೇರಳೆ ಕಿತ್ತುಹಾಕಲು ಜೆಸಿಬಿ ಬೇಕು, ಹುಳುಮನೆಯನ್ನು ಬೇರೆ ಯಾವುದಕ್ಕೂ ಅಷ್ಟು ಸುಲಭವಾಗಿ ಬಳಸಲಾಗದು, ಆರು ವರ್ಷದ ಅಡಿಕೆಯನ್ನು ಕಡಿಯುವ ಮನಸ್ಸು ಯಾರಿಗೂ ಬರುವುದಿಲ್ಲ.

ಈ ಕೂತು ಮಾತನಾಡುವ ಕೆಲಸವನ್ನು ಯುಗಾದಿಯ ಮೊದಲೇ ಮುಗಿಸಿಕೊಳ್ಳಿ. ಏಪ್ರಿಲ್ ಮೇ ತಿಂಗಳ ಮೊದಲ ಮಳೆಗೆ ಉಳುಮೆ ಆಗಬೇಕು, ಜೂನ್ ಜುಲೈಗೆ ಹಿಪ್ಪುನೇರಳೆಯ ಸಸಿ ಕಾದಿರಿಸಿರಬೇಕು. ಹಸುವಿನ ಯೋಚನೆಯಿದ್ದರೆ ಕೊಳ್ಳುವ ಮುನ್ನ ಮನೆಯವರೆಲ್ಲ ಒಂದು ತಿಂಗಳು ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಬೆಳಗ್ಗೆ ಐದಕ್ಕೂ ಸಂಜೆ ಐದಕ್ಕೂ ಸರದಿಯಲ್ಲಿ ನಿಂತು ಕೆಲಸ ಮಾಡಿ ನೋಡಿ, ಯಾರ ಸರದಿ ಎಷ್ಟು ದಿನ ತಪ್ಪಿತೆಂದು ಅದೇ ಹಾಳೆಯಲ್ಲಿ ಹೆಸರಿನ ಮುಂದೆ ಗುರುತು ಹಾಕಿಕೊಳ್ಳಿ.